ನೆನಪು ಸೀಸೆಯಲ್ಲಿ ಸಿಗುವುದಿಲ್ಲ

ಜನವರಿ ಕಳೆದು ಫೆಬ್ರವರಿ ಕಾಲಿಟ್ಟಿತೆಂದರೆ ನನ್ನ ಕ್ಲಿನಿಕ್ಕಿಗೆ ಒಂದು ವಿಶೇಷ ಬಗೆಯ ರೋಗಿಗಳು ಬರಲಾರಂಭಿಸುತ್ತಾರೆ. ಅವರಿಗೆ ಜ್ವರವಿರುವುದಿಲ್ಲ, ಕೆಮ್ಮಿರುವುದಿಲ್ಲ. ವಯಸ್ಸು ಹದಿನೈದರಿಂದ ಹದಿನೆಂಟು. ತಾವಾಗಿ ಬಂದವರೂ ಅಲ್ಲ. ತಂದೆಯೋ ತಾಯಿಯೋ ಕರೆತಂದಿರುತ್ತಾರೆ. ರೋಗಿ ತಲೆ ತಗ್ಗಿಸಿ ಕುಳಿತಿದ್ದರೆ ದೂರು ಹೇಳುವವರು ಪಕ್ಕದಲ್ಲಿ ನಿಂತಿರುತ್ತಾರೆ. ದೂರು ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ: ‘ಡಾಕ್ಟ್ರೇ, ಎಷ್ಟು ಓದಿದ್ರೂ ತಲೇಲಿ ನಿಲ್ಲೋದಿಲ್ವಂತೆ. ನೆನಪಿನ ಶಕ್ತಿಗೆ ಒಂದು ಒಳ್ಳೆ ಟಾನಿಕ್ ಬರೆದುಕೊಡಿ.’

ನಾನೂ ಒಂದು ಕಾಲದಲ್ಲಿ ಬರೆದುಕೊಡುತ್ತಿದ್ದೆ. ಬರೆಯದಿದ್ದರೆ ಅವರು ಪಕ್ಕದ ಬೀದಿಯ ಔಷಧಿ ಅಂಗಡಿಯಲ್ಲಿ ತಾವೇ ಕೊಳ್ಳುತ್ತಾರೆ, ಹೇಗೂ ಅಪಾಯವಿಲ್ಲವಲ್ಲ ಎಂಬ ಸಮಾಧಾನ ನನ್ನದು. ಆ ಸಮಾಧಾನ ಎಷ್ಟು ಪೊಳ್ಳು ಎಂಬುದನ್ನು ಕಲಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಓದಿದ್ದು ಮರೆಯುತ್ತದೆ, ಪುಸ್ತಕದ ಮುಂದೆಯೇ ತೂಕಡಿಸುತ್ತಾಳೆ ಎಂದು ತಾಯಿ ಕರೆತಂದಿದ್ದರು. ಸರದಿಯಲ್ಲಿ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಎರಡು ನಿಮಿಷದಲ್ಲಿ ಟಾನಿಕ್ ಬರೆದು ಕಳಿಸಿದೆ. ಮೂರು ತಿಂಗಳ ನಂತರ ಮೆಟ್ಟಿಲು ಹತ್ತಿ ಬರುವಷ್ಟರಲ್ಲೇ ಏದುಸಿರು ಬಿಡುತ್ತ ಅವಳು ಮತ್ತೆ ಬಂದಳು. ಹಿಮೋಗ್ಲೋಬಿನ್ 6.8 ಇತ್ತು. ಮೊದಲ ದಿನವೇ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದರೆ ಸಾಕಿತ್ತು; ನಾನು ನೋಡಿರಲಿಲ್ಲ. ಆ ಮೂರು ತಿಂಗಳು ಅವಳು ಮನೆಯಲ್ಲಿ ‘ಸೋಮಾರಿ’ ಎಂದೂ ಶಾಲೆಯಲ್ಲಿ ‘ದಡ್ಡಿ’ ಎಂದೂ ಅನ್ನಿಸಿಕೊಂಡಿದ್ದಳು.

ಅಂದಿನಿಂದ ನೆನಪಿನ ಟಾನಿಕ್ ಬರೆಯುವುದನ್ನು ನಿಲ್ಲಿಸಿದ್ದೇನೆ. ಏಕೆ ಬರೆಯುವುದಿಲ್ಲ ಎಂದು ಪ್ರತಿ ತಂದೆ ತಾಯಿಗೂ ಕ್ಲಿನಿಕ್ಕಿನಲ್ಲಿ ಕೂರಿಸಿಕೊಂಡು ವಿವರಿಸುವುದು ಕಷ್ಟ. ಆದ್ದರಿಂದ ಈ ವಾರ ಅದನ್ನೇ ಬರೆಯುತ್ತಿದ್ದೇನೆ. ನೆನಪು ಎಂದರೇನು, ಅದು ಮೆದುಳಿನಲ್ಲಿ ಎಲ್ಲಿ, ಹೇಗೆ ಕೂರುತ್ತದೆ ಎಂಬುದು ತಿಳಿದರೆ ಮಗುವಿಗೆ ಏನು ಕೊಡಬೇಕು, ಏನು ಕೊಡಬಾರದು ಎಂಬುದು ನಿಮಗೇ ಹೊಳೆಯುತ್ತದೆ.

ಸಂಪರ್ಕಗಳ ಲೋಕ

ಮನುಷ್ಯನ ಮೆದುಳಿನ ತೂಕ ಹೆಚ್ಚುಕಡಿಮೆ 1.4 ಕಿಲೋ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ನರಕೋಶವೂ ಬೇರು, ಕೊಂಬೆಗಳಿರುವ ಸಣ್ಣ ಗಿಡದಂತೆ. ಕೊಂಬೆಗಳು ಸುದ್ದಿಯನ್ನು ಪಡೆಯುತ್ತವೆ. ಉದ್ದನೆಯ ಒಂದು ತಂತು ಸುದ್ದಿಯನ್ನು ಮುಂದಿನ ಕೋಶಕ್ಕೆ ಕಳಿಸುತ್ತದೆ. ಹೀಗೆ ಒಂದು ಕೋಶ ಸಾವಿರಾರು ಇತರ ಕೋಶಗಳೊಡನೆ ಸಂಪರ್ಕ ಇಟ್ಟುಕೊಂಡಿರುತ್ತದೆ.

ಸೋಜಿಗವೆಂದರೆ, ಬಹುಪಾಲು ಕಡೆ ಈ ಕೋಶಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ನಡುವೆ ಅತಿ ಸಣ್ಣದೊಂದು ಕಂದಕವಿದೆ. ಅದರ ಅಗಲ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಸುದ್ದಿ ವಿದ್ಯುತ್ತಿನ ರೂಪದಲ್ಲಿ ತಂತುವಿನ ತುದಿಯವರೆಗೆ ಬರುತ್ತದೆ. ಅಲ್ಲಿ ಒಂದು ರಾಸಾಯನಿಕವಾಗಿ ಮಾರ್ಪಟ್ಟು ಕಂದಕವನ್ನು ದಾಟುತ್ತದೆ. ಆಚೆಯ ದಡದ ಕೋಶ ಅದನ್ನು ಹಿಡಿದುಕೊಂಡು ಮತ್ತೆ ವಿದ್ಯುತ್ತಾಗಿಸುತ್ತದೆ. ಈ ಸಂಧಿಸ್ಥಾನಕ್ಕೆ ‘ಸಿನ್ಯಾಪ್ಸ್’ ಎಂದು 1897ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನಾವಿಲ್ಲಿ ಅದನ್ನು ‘ನರಸಂಧಿ’ ಎಂದು ಕರೆಯೋಣ.

ಕಲಿತದ್ದು ಮೆದುಳಿನಲ್ಲಿ ಉಳಿಯುವುದು ಈ ಸಂಧಿಗಳಲ್ಲೇ ಇರಬೇಕು ಎಂಬ ಊಹೆ ನೂರಕ್ಕೂ ಹೆಚ್ಚು ವರ್ಷ ಹಳೆಯದು. ಸ್ಪೇನ್ ದೇಶದ ಸಾಂಟಿಯಾಗೊ ರಮೋನ್ ಇ ಕಹಾಲ್ 1894ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಇದನ್ನು ಸೂಚಿಸಿದ್ದರು. ಕಲಿಯುವಾಗ ಹೊಸ ನರಕೋಶಗಳು ಹುಟ್ಟಬೇಕಾಗಿಲ್ಲ, ಇರುವ ಕೋಶಗಳ ನಡುವಣ ಸಂಪರ್ಕ ಬಲವಾದರೆ ಸಾಕು ಎಂಬುದು ಅವರ ಅಭಿಪ್ರಾಯ. 1949ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಇದಕ್ಕೊಂದು ನಿಯಮವನ್ನೇ ಹೇಳಿದರು: ಒಂದು ಕೋಶ ಮತ್ತೊಂದನ್ನು ಪದೇ ಪದೇ ಎಚ್ಚರಿಸುತ್ತಿದ್ದರೆ ಅವೆರಡರ ನಡುವಣ ಸಂಪರ್ಕ ಗಟ್ಟಿಯಾಗುತ್ತದೆ. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದನ್ನೇ.

ಕಣ್ಣಿಗೆ ಕಾಣುವ ಪುರಾವೆಗಾಗಿ ಇನ್ನಷ್ಟು ಕಾಯಬೇಕಾಯಿತು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಎಂಬ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅರಿವಳಿಕೆ ಕೊಟ್ಟ ಮೊಲಗಳ ಮೆದುಳಿನ ‘ಹಿಪ್ಪೊಕ್ಯಾಂಪಸ್’ ಎಂಬ ಭಾಗದಲ್ಲಿ ಒಂದು ನರಮಾರ್ಗಕ್ಕೆ ಅವರು ಬಿರುಸಾಗಿ ವಿದ್ಯುತ್ ಮಿಡಿತಗಳನ್ನು ಕೊಟ್ಟರು. ಆಮೇಲೆ ಅದೇ ಮಾರ್ಗದಲ್ಲಿ ಸಣ್ಣದೊಂದು ಮಿಡಿತ ಕಳಿಸಿದರೂ ಆಚೆಯ ಕೋಶ ಮೊದಲಿಗಿಂತ ಜೋರಾಗಿ ಓಗೊಡುತ್ತಿತ್ತು. ಈ ಬದಲಾವಣೆ ಗಂಟೆಗಟ್ಟಲೆ ಉಳಿಯಿತು. ಅಂದರೆ ನರಸಂಧಿ ತನ್ನ ಮೇಲೆ ನಡೆದದ್ದನ್ನು ‘ನೆನಪಿಟ್ಟುಕೊಂಡಿತ್ತು’.

ಹಿಪ್ಪೊಕ್ಯಾಂಪಸ್ ಏಕೆ ಮುಖ್ಯ ಎಂಬುದಕ್ಕೆ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ನನ ಕತೆ ಕೇಳಬೇಕು. ಹತೋಟಿಗೆ ಬಾರದ ಮೂರ್ಛೆರೋಗಕ್ಕಾಗಿ 1953ರಲ್ಲಿ, ಅವನ 27ನೆಯ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ 2008ರಲ್ಲಿ ತೀರಿಕೊಳ್ಳುವವರೆಗೂ ಅವನಿಗೆ ಹೊಸದಾಗಿ ಕಂಡವರ ಪರಿಚಯ ಉಳಿಯಲಿಲ್ಲ. ದಶಕಗಳ ಕಾಲ ಅವನನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವನಿಗೆ ಹೊಸಬರೇ. ಹಳೆಯ ಬಾಲ್ಯದ ನೆನಪುಗಳು ಮಾತ್ರ ಉಳಿದಿದ್ದವು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವಂತಹ ಕೈಚಳಕವನ್ನು ಅವನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತ. ಕಲಿತೆನೆಂಬ ನೆನಪು ಮಾತ್ರ ಅವನಿಗಿರಲಿಲ್ಲ. ಪಾಠ, ಹೆಸರು, ಘಟನೆಗಳ ನೆನಪೇ ಬೇರೆ, ಸೈಕಲ್ ಹೊಡೆಯುವ ನೆನಪೇ ಬೇರೆ ಎಂದು ವೈದ್ಯಲೋಕಕ್ಕೆ ಮನದಟ್ಟಾದದ್ದು ಅವನಿಂದ.

ಎರಡು ಕೀಲಿಗಳ ಬೀಗ

ನರಸಂಧಿ ಗಟ್ಟಿಯಾಗುವುದೆಂದರೆ ಏನಾಗುತ್ತದೆ? ಬ್ಯಾಂಕಿನ ಲಾಕರನ್ನು ನೆನಪಿಸಿಕೊಳ್ಳಿ. ನಿಮ್ಮ ಕೀಲಿಯೊಂದರಿಂದಲೇ ಅದು ತೆರೆಯದು. ಬ್ಯಾಂಕಿನವರ ಕೀಲಿಯೂ ಬೇಕು. ಸುದ್ದಿ ಪಡೆಯುವ ಕೋಶದ ಮೇಲೆ ಇಂಥದೇ ಒಂದು ಬಾಗಿಲಿದೆ. ಸಾಮಾನ್ಯ ಹೊತ್ತಿನಲ್ಲಿ ಅದಕ್ಕೆ ಮೆಗ್ನೀಸಿಯಮ್ಮಿನ ಬಿರಡೆ ಜಡಿದಿರುತ್ತದೆ. ಈಚೆಯ ಕೋಶದಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಬರಬೇಕು, ಅದೇ ಹೊತ್ತಿಗೆ ಆಚೆಯ ಕೋಶವೂ ಎಚ್ಚೆತ್ತಿರಬೇಕು. ಎರಡೂ ಒಟ್ಟಿಗೆ ನಡೆದಾಗ ಮಾತ್ರ ಬಿರಡೆ ಹಾರಿ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಒಡನೆಯೇ ಆ ಕೋಶ ತನ್ನ ದಡದಲ್ಲಿ ಸುದ್ದಿ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಸಂಧಿಯ ಮೊಗ್ಗು ದಪ್ಪವಾಗುತ್ತದೆ. ಮುಂದಿನ ಸಲ ಅದೇ ಸುದ್ದಿ ಸುಲಭವಾಗಿ ದಾಟುತ್ತದೆ.

ಎರಡು ಸಂಗತಿಗಳು ಜೊತೆಯಾಗಿ ನೆನಪಿಗೆ ಬರುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಮಲ್ಲಿಗೆಯ ವಾಸನೆ ಬಂದರೆ ಯಾರದೋ ಮದುವೆಮನೆ ಕಣ್ಣಮುಂದೆ ಬರುತ್ತದೆ. ಎರಡೂ ಒಂದೇ ಹೊತ್ತಿನಲ್ಲಿ ಬಾಗಿಲು ತಟ್ಟಿದ್ದವು, ಬೀಗ ತೆರೆದಿತ್ತು.

ಇದರಿಂದ ಇನ್ನೊಂದು ಪಾಠವೂ ಇದೆ. ಕೋಶ ಎಚ್ಚೆತ್ತಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಕಣ್ಣು ಪುಸ್ತಕದ ಮೇಲಿದ್ದು ಮನಸ್ಸು ಬೇರೆಲ್ಲೋ ಇದ್ದರೆ ಗಂಟೆಗಟ್ಟಲೆ ಪುಟ ತಿರುವಿದರೂ ಒಳಗೆ ಏನೂ ಗಟ್ಟಿಯಾಗುವುದಿಲ್ಲ. ‘ಪಾಠ ನೆನಪಿರೋಲ್ಲ, ಕ್ರಿಕೆಟ್ ಸ್ಕೋರು ಮಾತ್ರ ಅಂಗೈ ಮೇಲಿರುತ್ತೆ’ ಎಂದು ಮಗನನ್ನು ಹಂಗಿಸುವ ತಂದೆ ತಮಗರಿವಿಲ್ಲದೆಯೇ ಒಂದು ಒಳ್ಳೆಯ ಸುದ್ದಿ ಹೇಳುತ್ತಿದ್ದಾರೆ: ಹುಡುಗನ ನೆನಪಿನ ಯಂತ್ರ ಸರಿಯಾಗಿಯೇ ಇದೆ! ಆಸಕ್ತಿ ಇದ್ದಲ್ಲಿ ಅದು ಕೆಲಸ ಮಾಡುತ್ತಿದೆ.

ನೆನಪಿಗೂ ಹೆಪ್ಪು ಹಾಕಬೇಕು

ಈವರೆಗೆ ಹೇಳಿದ್ದು ನಿಮಿಷಗಳ, ಗಂಟೆಗಳ ನೆನಪು. ವರ್ಷಗಟ್ಟಲೆ ಉಳಿಯುವ ನೆನಪಿನ ಗುಟ್ಟನ್ನು ಬಿಡಿಸಿದವರಲ್ಲಿ ಪ್ರಮುಖರು ಎರಿಕ್ ಕ್ಯಾಂಡೆಲ್. ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರು ಆರಿಸಿಕೊಂಡದ್ದು ‘ಅಪ್ಲೀಸಿಯಾ’ ಎಂಬ ಕಡಲ ಹುಳವನ್ನು. ಬಸವನಹುಳುವಿನ ಸಂಬಂಧಿಯಾದ ಅದಕ್ಕೆ ಇರುವುದು ಕೇವಲ ಸುಮಾರು 20,000 ನರಕೋಶಗಳು. ಬಾಲಕ್ಕೆ ಒಮ್ಮೆ ಶಾಕ್ ಕೊಟ್ಟರೆ ಹುಳು ಕೆಲವು ನಿಮಿಷ ಬೆದರಿರುತ್ತದೆ, ಆಮೇಲೆ ಮರೆಯುತ್ತದೆ. ಬಿಡುವು ಕೊಟ್ಟು ಕೊಟ್ಟು ಹಲವು ಸಲ ಶಾಕ್ ಕೊಟ್ಟರೆ ದಿನಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ.

ಒಳಗೆ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗಿತ್ತು. ಅಲ್ಪಕಾಲದ ನೆನಪಿನಲ್ಲಿ ಇರುವ ಸಂಧಿಯೇ ತಾತ್ಕಾಲಿಕವಾಗಿ ಚುರುಕಾಗಿತ್ತು. ದೀರ್ಘಕಾಲದ ನೆನಪಿನಲ್ಲಿ ಕೋಶಕೇಂದ್ರದವರೆಗೂ ಸುದ್ದಿ ಹೋಗಿ, ಅಲ್ಲಿನ ಜೀನುಗಳು ಎಚ್ಚೆತ್ತು, ಹೊಸ ಪ್ರೋಟೀನು ತಯಾರಾಗಿ, ಹೊಸ ಸಂಧಿಗಳೇ ಬೆಳೆದಿದ್ದವು. ಅವುಗಳ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಗಟ್ಟಿ ನೆನಪೆಂದರೆ ಮೆದುಳಿನಲ್ಲಿ ನಡೆಯುವ ಕಟ್ಟಡದ ಕೆಲಸ. ಇಟ್ಟಿಗೆ ತರಬೇಕು, ಗಾರೆ ಕಲಸಬೇಕು, ಆರಲು ಬಿಡಬೇಕು. ಅದಕ್ಕೆ ಗಂಟೆಗಳು ಬೇಕು, ದಿನಗಳು ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕವನ್ನು ತುರುಕುವುದು ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎನ್ನಲು ಕಾರಣ ಇದೇ. ಮಾರನೆಯ ಬೆಳಿಗ್ಗೆ ಒಂದಿಷ್ಟು ಉಳಿದಿರಬಹುದು. ಮುಂದಿನ ತರಗತಿಗೆ ಹೋಗುವಷ್ಟರಲ್ಲಿ ಗೋಡೆ ಕುಸಿದಿರುತ್ತದೆ.

ಈ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ರೆಯಲ್ಲಿ. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಎಂಬ ವಿಜ್ಞಾನಿಗಳು ಇಲಿಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ಒಂದು ಸಂಗತಿಯನ್ನು ಗುರುತಿಸಿದರು. ಹಗಲು ಓಡಾಡುವಾಗ ಯಾವ ಯಾವ ಕೋಶಗಳು ಜೊತೆಯಾಗಿ ಮಿಡಿದಿದ್ದವೋ ಅವೇ ಕೋಶಗಳು ಆಮೇಲೆ ನಿದ್ರಿಸುವಾಗಲೂ ಜೊತೆಯಾಗಿ ಮಿಡಿದವು. ಹಗಲಿನ ಪಾಠವನ್ನು ಮೆದುಳು ನಿದ್ರೆಯಲ್ಲಿ ತಾನಾಗಿ ಒಪ್ಪಿಸಿಕೊಳ್ಳುತ್ತದೆ ಎನ್ನಬಹುದು.

ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಗೃಹಿಣಿ ಪಾತ್ರೆಯನ್ನು ಅಲ್ಲಾಡಿಸುವುದಿಲ್ಲ. ಮೂಲೆಯಲ್ಲಿಟ್ಟು ಮುಚ್ಚಿ, ಬೆಳಗಾಗುವವರೆಗೆ ಬಿಡುತ್ತಾಳೆ. ಗಳಿಗೆಗೊಮ್ಮೆ ಮುಚ್ಚಳ ತೆಗೆದು ಸೌಟಿನಿಂದ ಕಲಕಿದರೆ ಮೊಸರಾಗುವುದುಂಟೆ? ಹಗಲಿಡೀ ಓದಿದ ಹುಡುಗನನ್ನು ಚಹಾ ಕುಡಿಸಿ ರಾತ್ರಿ ಒಂದೂವರೆವರೆಗೆ ಕೂರಿಸಿ, ಮತ್ತೆ ಐದಕ್ಕೆ ಎಬ್ಬಿಸುವ ಮನೆಗಳಲ್ಲಿ ನಾವು ಮಾಡುತ್ತಿರುವುದು ಈ ಕಲಕುವ ಕೆಲಸವನ್ನೇ. ಹದಿಮೂರರಿಂದ ಹದಿನೆಂಟರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ಬೆಳಗಿನ ಜಾವದ ಓದು ಒಳ್ಳೆಯದೆಂದು ಹಿರಿಯರು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹಿರಿಯರು ರಾತ್ರಿ ಎಂಟೂವರೆಗೇ ಹಾಸಿಗೆ ಸೇರುತ್ತಿದ್ದರು. ಅವರ ಬೆಳಗನ್ನು ಮಾತ್ರ ಇಟ್ಟುಕೊಂಡು ಅವರ ರಾತ್ರಿಯನ್ನು ನಾವು ಕೈಬಿಟ್ಟಿದ್ದೇವೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ ಎಂದು ಓಡಾಡಿಸುವ ಶಾಲೆಗಳೂ ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಭಯ ಕಲಿಸುವುದೇನು?

‘ಎರಡು ಬಿಟ್ಟರೆ ಎಲ್ಲ ನೆನಪಾಗುತ್ತೆ’ ಎಂಬ ನಂಬಿಕೆ ಇನ್ನೂ ಅನೇಕ ಮನೆಗಳಲ್ಲಿದೆ. ಈ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಮಹತ್ವದ ಸಂಶೋಧನೆಯನ್ನು ಪ್ರತಿ ತಂದೆ ತಾಯಿ, ಪ್ರತಿ ಶಿಕ್ಷಕರು ತಿಳಿದಿರಬೇಕು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವದು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡಲು ಬಿಡದೆ ಹಿಡಿದಿಟ್ಟರು. ಇಲಿಯ ಪಾಲಿಗೆ ಅದು ಭಾರೀ ಒತ್ತಡ. ಬಳಿಕ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ಸಿನಲ್ಲಿ ನರಕೋಶದ ಕೊಂಬೆಗಳು ಸೊರಗಿದ್ದವು. ಭಯದ ಕೇಂದ್ರವಾದ ‘ಅಮಿಗ್ಡಲಾ’ದಲ್ಲಿ ಕೊಂಬೆಗಳು ಹುಲುಸಾಗಿ ಬೆಳೆದಿದ್ದವು.

2004ರಲ್ಲಿ ಅದೇ ಪ್ರಯೋಗಾಲಯದಿಂದ ಮುಂದಿನ ಸುದ್ದಿ ಬಂತು. ಒತ್ತಡ ನಿಲ್ಲಿಸಿ 21 ದಿನ ಆರಾಮವಾಗಿ ಬಿಟ್ಟ ಮೇಲೂ ಅಮಿಗ್ಡಲಾದ ಬೆಳವಣಿಗೆ ತಗ್ಗಿರಲಿಲ್ಲ. ಹಿಪ್ಪೊಕ್ಯಾಂಪಸ್ ಮಾತ್ರ ಚೇತರಿಸಿಕೊಂಡಿತ್ತು. ಇಲಿಗಳ ಅಂಜಿಕೆಯೂ ಹಾಗೇ ಉಳಿದಿತ್ತು.

ಇಲಿಯ ಫಲಿತಾಂಶವನ್ನು ಮಕ್ಕಳಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದು ನಿಜ. ಒಂದಿಷ್ಟು ಜವಾಬ್ದಾರಿಯ ಒತ್ತಡ ಓದಿಗೆ ಚುರುಕು ಕೊಡುತ್ತದೆ ಎಂಬುದೂ ನಿಜ. ಆದರೆ ದಿನನಿತ್ಯದ ಬೈಗುಳ, ಹೊಡೆತ, ಪಕ್ಕದ ಮನೆಯ ಮಗುವಿನೊಡನೆ ಹೋಲಿಕೆ ಇವುಗಳಿಂದ ಮಗು ಚೆನ್ನಾಗಿ ಕಲಿಯುವುದು ಒಂದೇ ಒಂದು ಪಾಠವನ್ನು, ಅದು ಭಯ. ಗಣಿತದ ಮೇಷ್ಟರು ಹೊಡೆದದ್ದು ನಿಮಗೆ ಇಂದಿಗೂ ನೆನಪಿದೆ. ಅಂದು ಅವರು ಕಲಿಸುತ್ತಿದ್ದ ಲೆಕ್ಕ ಯಾವುದೆಂದು ನೆನಪಿದೆಯೇ? ಅಮಿಗ್ಡಲಾ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಬಾದಾಮಿ ಎಂದೇ ಅರ್ಥ. ದಿನಾ ಬೆಳಿಗ್ಗೆ ಮಗುವಿಗೆ ನೆನೆಸಿದ ಬಾದಾಮಿ ತಿನ್ನಿಸಿ, ಸಂಜೆ ಬೈದು ಬೆದರಿಸಿ ತಲೆಯೊಳಗಿನ ಬಾದಾಮಿಯನ್ನೂ ಬೆಳೆಸುತ್ತಿದ್ದೇವೆಯೋ ಏನೋ!

ಟಾನಿಕ್ಕಿನ ಮಾತು

ಈಗ ಮತ್ತೆ ಸೀಸೆಗೆ ಬರೋಣ. ಮೇಲೆ ಹೇಳಿದ ಕಟ್ಟಡದ ಕೆಲಸವನ್ನು ಮಗುವಿನ ಬದಲಾಗಿ ಮಾಡಿಕೊಡುವ ಔಷಧಿ ಇಂದಿನವರೆಗೆ ಯಾವುದೂ ಇಲ್ಲ. ಗಿಂಕ್ಗೊ ಎಂಬ ಮರದ ಎಲೆಯ ಸಾರ ನೆನಪಿಗೆ ಒಳ್ಳೆಯದೆಂದು ಜಗತ್ತಿನಾದ್ಯಂತ ಮಾರಾಟವಾಗುತ್ತದೆ. ಅಮೆರಿಕದಲ್ಲಿ 3,069 ಮಂದಿ ವೃದ್ಧರ ಮೇಲೆ ವರ್ಷಗಟ್ಟಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದು ಮರೆವಿನ ಕಾಯಿಲೆಯನ್ನು ತಡೆಯಲಿಲ್ಲ ಎಂದು ಗೊತ್ತಾಯಿತು.

ನಮ್ಮ ಬ್ರಾಹ್ಮಿಯ ವಿಷಯವೇನು ಎಂದು ನೀವು ಕೇಳಬಹುದು. ಮೊದಲನೆಯದಾಗಿ, ಆ ಹೆಸರಿನಲ್ಲಿ ಎರಡು ಗಿಡಗಳಿವೆ. ಕರಾವಳಿ, ಮಲೆನಾಡಿನವರು ತಂಬುಳಿ, ಚಟ್ನಿ ಮಾಡುವ ಒಂದೆಲಗ ಒಂದು, ನೀರುಬ್ರಾಹ್ಮಿ ಇನ್ನೊಂದು. ಹೆಚ್ಚಿನ ಅಧ್ಯಯನಗಳು ನಡೆದಿರುವುದು ನೀರುಬ್ರಾಹ್ಮಿಯ ಮೇಲೆ. ಕೆಲವು ಸಣ್ಣ ಅಧ್ಯಯನಗಳಲ್ಲಿ, ಹಲವು ವಾರ ಸತತವಾಗಿ ಸೇವಿಸಿದ ವಯಸ್ಕರಲ್ಲಿ ಅಲ್ಪಸ್ವಲ್ಪ ಪ್ರಯೋಜನ ಕಂಡಿರುವುದುಂಟು. ಪರೀಕ್ಷೆಗೆ ಹದಿನೈದು ದಿನವಿರುವಾಗ ಸೀಸೆ ತಂದರೆ ಅಂಕ ಹೆಚ್ಚುತ್ತದೆ ಎಂಬುದಕ್ಕೆ ಅದು ಆಧಾರವಾಗದು. ಒಂದೆಲಗದ ತಂಬುಳಿಯನ್ನು ಊಟಕ್ಕೆಂದು ಸಂತೋಷವಾಗಿ ತಿನ್ನಿ, ನಾನೂ ತಿನ್ನುತ್ತೇನೆ.

‘ನಮ್ಮ ಮಗಳಿಗೆ ಟಾನಿಕ್‌ನಿಂದ ಗುಣ ಕಂಡಿತಲ್ಲ’ ಎನ್ನುವವರೂ ಇದ್ದಾರೆ. ಸೀಸೆ ತಂದ ದಿನದಿಂದ ಅಮ್ಮ ಪಕ್ಕದಲ್ಲಿ ಕೂರುತ್ತಾಳೆ, ಟಿ.ವಿ. ಸದ್ದು ತಗ್ಗುತ್ತದೆ, ‘ಇನ್ನು ನನಗೆ ನೆನಪಿರುತ್ತದೆ’ ಎಂಬ ಧೈರ್ಯ ಮಗುವಿಗೆ ಬರುತ್ತದೆ. ಕೆಲಸ ಮಾಡಿದ್ದು ಇವು. ಸೀಸೆಯ ದುಡ್ಡು ಉಳಿಸಿಯೂ ಇವನ್ನು ಮಾಡಬಹುದು.

ದುಡ್ಡು ಹೋದದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಟಾನಿಕ್ ಕೊಟ್ಟೆವೆಂಬ ನೆಮ್ಮದಿಯಲ್ಲಿ ನಿಜವಾದ ಕಾರಣವನ್ನು ಹುಡುಕುವುದೇ ಇಲ್ಲ. ನಾನು ಎಡವಿದ್ದೂ ಅಲ್ಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಮೆದುಳಿಗೆ ಆಮ್ಲಜನಕ ಒಯ್ಯುವ ರಕ್ತವೇ ತೆಳುವಾಗಿದ್ದರೆ ಗಮನ ನಿಲ್ಲುವುದು ಹೇಗೆ? ಮಗು ಓದಿನಲ್ಲಿ ಹಿಂದೆ ಬಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಲಗೆಯ ಮೇಲಿನ ಅಕ್ಷರ ಕಾಣುತ್ತಿದೆಯೇ, ಹಿಂದಿನ ಬೆಂಚಿನಲ್ಲಿ ಪಾಠ ಕೇಳಿಸುತ್ತಿದೆಯೇ ನೋಡಿ. ಥೈರಾಯ್ಡ್ ತೊಂದರೆ, ಹೊಟ್ಟೆಹುಳು, ಗೊರಕೆ ಹೊಡೆಯುತ್ತ ನಿದ್ರೆ ಕೆಡಿಸುವ ಗಂಟಲಗ್ರಂಥಿ, ಮನಸ್ಸಿನೊಳಗಿನ ಖಿನ್ನತೆ, ಹುಟ್ಟಿನಿಂದ ಬಂದ ಕಲಿಕೆಯ ತೊಡಕು, ಇವಕ್ಕೆಲ್ಲ ಪರಿಹಾರ ಅಥವಾ ನೆರವು ಉಂಟು. ‘ದಡ್ಡ’ ಎಂಬುದು ಯಾವ ವೈದ್ಯಗ್ರಂಥದಲ್ಲೂ ಇರುವ ರೋಗವಲ್ಲ.

ಹಾಗಾದರೆ ಓದುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬನನ್ನು ಅವನ ತಂದೆ ಕರೆತಂದರು. ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ‘ಏನಪ್ಪಾ, ಹೇಗೆ ಓದ್ತೀಯ?’ ಎಂದೆ. ಒಂದು ಪಾಠವನ್ನು ಐದು ಸಲ ಓದುತ್ತಾನಂತೆ. ‘ಪುಸ್ತಕ ಮುಚ್ಚಿ ಒಂದು ಸಲ ಹೇಳಿ ನೋಡ್ತೀಯಾ?’ ಎಂದರೆ ಇಲ್ಲ ಎಂದ.

ತೊಂದರೆ ಇರುವುದು ಅಲ್ಲಿ. ಮತ್ತೆ ಮತ್ತೆ ಓದಿದಾಗ ಪಾಠ ಪರಿಚಿತವೆನಿಸುತ್ತದೆ. ಬಂದೇಬಿಟ್ಟಿತು ಎಂಬ ಭ್ರಮೆ ಹುಟ್ಟುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಪುನಃ ಓದಿದರು. ಇನ್ನು ಕೆಲವರು ಅದನ್ನು ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಪುನಃ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದಿದ್ದರು. ಹೊರಗಿನಿಂದ ಒಳಗೆ ಹಾಕುವುದರಷ್ಟೇ ಒಳಗಿನಿಂದ ಹೊರಗೆ ತೆಗೆಯುವುದೂ ನರಸಂಧಿಗೆ ವ್ಯಾಯಾಮ. ಮಗ್ಗಿ ಒಪ್ಪಿಸುವುದು, ಪದ್ಯ ಬಾಯಿಪಾಠ ಹೇಳುವುದು ಎಂಬ ಹಳೆಯ ಪದ್ಧತಿಯಲ್ಲಿ ಈ ಸಾರವಿತ್ತು. ಅರ್ಥ ತಿಳಿಯದ ಉರುಹೊಡೆಯುವಿಕೆಯನ್ನು ಬಿಡುವ ಭರದಲ್ಲಿ ಒಪ್ಪಿಸುವುದನ್ನೂ ನಾವು ಬಿಟ್ಟುಬಿಟ್ಟೆವು.

ಆ ಹುಡುಗನಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಒಂದು: ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ಅದನ್ನು ಮನೆಯಲ್ಲಿ ಯಾರಿಗಾದರೂ ಹೇಳಬೇಕು. ಕೇಳುವವರಿಗೆ ವಿಷಯ ಗೊತ್ತಿರಬೇಕಿಲ್ಲ. ಅಜ್ಜಿಯೇ ಒಳ್ಳೆಯ ಶ್ರೋತೃ, ‘ಹಾಗಂದ್ರೆ ಏನೋ?’ ಎಂದು ಅವರು ಕೇಳುವ ಪ್ರಶ್ನೆಗೆ ಬೆಲೆ ಕಟ್ಟಲಾಗದು.

ಎರಡು: ಒಂದೇ ದಿನ ಐದು ಸಲ ಓದುವ ಬದಲು ಇಂದು, ನಾಳೆ, ನಾಲ್ಕು ದಿನ ಬಿಟ್ಟು, ಹದಿನೈದು ದಿನ ಬಿಟ್ಟು ಒಮ್ಮೊಮ್ಮೆ ನೆನಪಿಸಿಕೊಳ್ಳಬೇಕು. ಗಿಡಕ್ಕೆ ವಾರದ ನೀರನ್ನೆಲ್ಲ ಒಂದೇ ದಿನ ಸುರಿದರೆ ಹರಿದು ಹೋಗುತ್ತದೆ. ಮಧ್ಯೆ ಒಂದಿಷ್ಟು ಮರೆತರೆ ಗಾಬರಿ ಬೇಡ. ತುಸು ಕಷ್ಟಪಟ್ಟು ನೆನಪಿಸಿಕೊಂಡದ್ದೇ ಹೆಚ್ಚು ಗಟ್ಟಿಯಾಗುತ್ತದೆ.

ಮೂರು: ರಾತ್ರಿ ಹತ್ತರೊಳಗೆ ದೀಪ ಆರಬೇಕು. ಮೊಬೈಲು ಮಲಗುವ ಕೋಣೆಯ ಹೊರಗಿರಬೇಕು, ಅಪ್ಪನದೂ ಸೇರಿ.

ನಾಲ್ಕು: ಸಂಜೆ ಒಂದು ಗಂಟೆ ಬಯಲಲ್ಲಿ ಆಟ. ಪರೀಕ್ಷೆಯ ತಿಂಗಳಲ್ಲೂ ಅದಕ್ಕೆ ಕತ್ತರಿ ಹಾಕಬಾರದು.

ಐದು: ಬೆಳಗಿನ ತಿಂಡಿ ತಪ್ಪಬಾರದು. ಸೊಪ್ಪು, ಕಾಳು, ರಾಗಿ, ಒಗ್ಗುವವರಿಗೆ ಮೊಟ್ಟೆ, ಮೀನು ಸಾಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯದೆ ನುಂಗಬೇಕು.

ಆ ಹುಡುಗನೇನೂ ರ‍್ಯಾಂಕ್ ಬರಲಿಲ್ಲ. ಎರಡನೆಯ ದರ್ಜೆಯಲ್ಲಿ ಪಾಸಾದ. ಆದರೆ ಫಲಿತಾಂಶದ ಮಾರನೆಯ ದಿನ ತಾನೊಬ್ಬನೇ ಕ್ಲಿನಿಕ್ಕಿಗೆ ಬಂದು, ತಲೆ ಎತ್ತಿಕೊಂಡು ಸುದ್ದಿ ಹೇಳಿ ಹೋದ. ನನಗೆ ಅಷ್ಟು ಸಾಕಾಗಿತ್ತು.

ಮನೆಯ ಹಿರಿಯರಿಗೊಂದು ಮಾತು

ಇದೆಲ್ಲ ಮಕ್ಕಳಿಗಷ್ಟೇ ಎಂದುಕೊಳ್ಳಬೇಡಿ. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ನಗರದ ಸುಮಾರು 25,000 ಬೀದಿಗಳನ್ನು ನೆನಪಿಡಬೇಕು. ಎಲೀನರ್ ಮಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ಅವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ ಹಿಪ್ಪೊಕ್ಯಾಂಪಸ್ಸಿನ ಹಿಂಭಾಗ ಇತರರಿಗಿಂತ ದೊಡ್ಡದಾಗಿತ್ತು. ಹುಟ್ಟಿನಿಂದಲೇ ಹಾಗಿತ್ತೇನೋ ಎಂಬ ಸಂಶಯಕ್ಕೆ 2011ರಲ್ಲಿ ಉತ್ತರ ಸಿಕ್ಕಿತು: ತರಬೇತಿಗೆ ಮುಂಚೆ ವ್ಯತ್ಯಾಸವಿರಲಿಲ್ಲ, ವರ್ಷಗಳ ತರಬೇತಿ ಮುಗಿಸಿ ತೇರ್ಗಡೆಯಾದವರಲ್ಲಿ ಅದು ಬೆಳೆದಿತ್ತು. ಅದೇ 2011ರ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದ ವಯಸ್ಸಾದವರಲ್ಲಿ ಒಂದು ವರ್ಷದ ಬಳಿಕ ಹಿಪ್ಪೊಕ್ಯಾಂಪಸ್ ನೂರಕ್ಕೆ ಎರಡರಷ್ಟು ಹಿಗ್ಗಿತ್ತು. ವಯಸ್ಸಾಯಿತೆಂದು ಮೆದುಳು ಕಲಿಕೆಯ ಬಾಗಿಲು ಮುಚ್ಚುವುದಿಲ್ಲ.

ಹೆಸರು ಥಟ್ಟನೆ ಹೊಳೆಯದಿರುವುದು ಅರವತ್ತರ ನಂತರ ಸಹಜ. ಹೋಗಿಬರುವ ದಾರಿಯೇ ತಪ್ಪಿದರೆ, ಅದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳುತ್ತಿದ್ದರೆ, ಹಣದ ಲೆಕ್ಕ ಹದಗೆಟ್ಟರೆ ‘ಅರಳುಮರಳು’ ಎಂದು ಕೈಚೆಲ್ಲದೆ ವೈದ್ಯರಿಗೆ ತೋರಿಸಿ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್, ಖಿನ್ನತೆ, ಕಿವುಡು, ನಿದ್ರೆಮಾತ್ರೆಯ ಅತಿಬಳಕೆ ಇವುಗಳಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಲ್ಲದು.

ಕೊನೆಯದಾಗಿ ಒಂದು ವಿನಂತಿ. ಇಂದು ಸಂಜೆ ಮಗ ಅಥವಾ ಮಗಳು ಓದಿ ಮುಗಿಸಿದ ಮೇಲೆ ‘ಎಷ್ಟು ಪುಟ ಆಯಿತು?’ ಎಂದು ಕೇಳಬೇಡಿ. ‘ಏನು ಓದಿದೆ, ನನಗೂ ಸ್ವಲ್ಪ ಹೇಳು’ ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ತಡವರಿಸಿದರೆ ಕಾಯಿರಿ, ಬೈಯಬೇಡಿ. ಹೇಳಿ ಮುಗಿಸಿದ ಮೇಲೆ ಹೊದಿಕೆ ಹೊದಿಸಿ ದೀಪ ಆರಿಸಿ. ಉಳಿದ ಕೆಲಸವನ್ನು ಬೆಳಗಾಗುವುದರೊಳಗೆ ಮೆದುಳೇ ಮಾಡಿಕೊಳ್ಳುತ್ತದೆ.